ಸಂಬಳವಿಲ್ಲ, ಸಂಬಂಧವಿಲ್ಲ

ಸರ್ವೆಯವರು ಬಂದಿದ್ದಾರೆಂಬ ಸುದ್ದಿ ಹಬ್ಬಿದ ಕೂಡಲೇ ತ್ರಾಸಿಯ ಕಡಲ ಬದಿಯ ಕೇರಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ೨೦೧೦ರ ನವೆಂಬರ್ ತಿಂಗಳು. ಹೆದ್ದಾರಿ ಅಗಲ ಮಾಡುತ್ತಾರೆಂಬ ಮಾತು ಶುರುವಾಗಿ ಬಹಳ ಕಾಲವಾಗಿತ್ತು. ಸರ್ವೆ ಎಂದರೆ ಜಾಗ ಅಳೆಯುವುದು, ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗುವುದು ಎಂದೇ ಅಲ್ಲಿಯವರು ತಿಳಿದಿದ್ದರು. ಗೂಡಂಗಡಿಯ ದುಗ್ಗಪ್ಪ ಬಾಳೆಗೊನೆಯನ್ನು ಒಳಗೆಳೆದುಕೊಂಡು ಹಲಗೆ ಹಾಕಿದ. ರವಿಕೆ ಹೊಲಿಯುವ ಹರಿಣಾಕ್ಷಿ ಮಿಷನ್ನಿನ ಮೇಲೆ ಹಳೆಯ ಸೀರೆ ಹೊದೆಸಿ, ಹಿತ್ತಲಿನ ದಾರಿಯಿಂದ ಅಕ್ಕನ ಮನೆಗೆ ಹೋಗಿಬಿಟ್ಟಳು.

ರಾಜೀವಿಗೆ ಮಾತ್ರ ಓಡುವಂತಿರಲಿಲ್ಲ. ಹಳೆಯ ಬಲೆಗಳನ್ನು ಹಾಸಿ ಅದರ ಮೇಲೆ ಉಪ್ಪು ಹಿಡಿಸಿದ ಬಂಗಡೆಯನ್ನು ಒಣಹಾಕಿದ್ದಳು. ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲಿಗೆ ತಿರುವಿ ಹಾಕುವ ಹೊತ್ತು. ಸ್ವಲ್ಪ ಆಚೀಚೆಯಾದರೆ ಕಾಗೆ, ನಾಯಿ ಎರಡೂ ಕಾದಿದ್ದವು. ಜೊತೆಯಲ್ಲಿ ಕೆಲಸ ಮಾಡುವ ಸುಂದರಿ ಶನಿವಾರವಾದ್ದರಿಂದ ಕುಂದಾಪುರದ ಸಂತೆಗೆ ಹೋಗಿದ್ದಳು. ಹಾಗಾಗಿ ಇಡೀ ಕೇರಿಯಲ್ಲಿ ಸರ್ವೆಯವರ ಕೈಗೆ ಸಿಕ್ಕಿದವಳು ರಾಜೀವಿ ಒಬ್ಬಳೇ.

ಸರ್ವೆಯವರು ಎಂದರೆ ದೊಡ್ಡ ಗುಂಪೇನೂ ಅಲ್ಲ. ಕೊಡೆ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು, ಚಪ್ಪಲಿಯೊಳಗೆ ಹೊಕ್ಕ ಮರಳನ್ನು ಕೊಡವುತ್ತ ಬಂದ ಒಬ್ಬ ಹುಡುಗಿ.

"ಹ್ವಾಯ್, ಅಲ್ಲೇ ನಿಲ್ಲಿ. ಬಲಿ ಮೆಟ್ಬೇಡಿ," ಎಂದಳು ರಾಜೀವಿ.

ಹುಡುಗಿ ನಿಂತಳು. ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ತೋರಿಸಿದಳು. "ನನ್ ಹೆಸ್ರ್ ಅಮಿತಾ, ಬಾರ್ಕೂರಿನವ್ಳ್. ಇದ್ ರಸ್ತಿ ಸರ್ವೆ ಅಲ್ಲ ಅಕ್ಕ. ಮನಿಯಂಗೆ, ಬೀದಿ ಬದಿಯಂಗೆ ಸಣ್ಣ ಸಣ್ಣ ವ್ಯಾಪಾರ ಮಾಡ್ತ್ರಲೆ, ಅದ್ರ ಲೆಕ್ಕ."

"ಟ್ಯಾಕ್ಸ್ ಹಾಕುಕಾ?"

"ಟ್ಯಾಕ್ಸಿಗಲ್ಲ. ನಿಮ್ ಹೆಸ್ರ್ ಯಾರಿಗೂ ಹೇಳುದಿಲ್ಲೆ. ಇಂಥಾ ಕೆಲ್ಸ ಎಷ್ಟ್ ಜನ ಮಾಡ್ತ್ರ್, ಅದ್ರಂಗೆ ಎಷ್ಟ್ ಹುಟ್ಟತ್ ಅಂದೇಳಿ ಸರ್ಕಾರಕ್ಕೆ ಸಮ ಗೊತ್ತಿಲ್ಲೆ. ಅದ್ಕೆ ಕೇಂಬುದ್."

ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು. ಬೆಳಗಿನಿಂದ ಮುಚ್ಚಿದ ಬಾಗಿಲುಗಳನ್ನೇ ತಟ್ಟಿ ಬಂದವಳೆಂದು ನೋಡಿದರೇ ತಿಳಿಯುತ್ತಿತ್ತು. ರಾಜೀವಿಗೆ ಪಾಪ ಎನ್ನಿಸಿತು. ತೆಂಗಿನ ಬುಡದ ನೆರಳು ತೋರಿಸಿ ಕೂರಲು ಹೇಳಿ, ತಾನು ಮೀನು ತಿರುವುತ್ತಲೇ ಉತ್ತರ ಕೊಡತೊಡಗಿದಳು.

ಮೀನು ಎಲ್ಲಿಂದ, ಉಪ್ಪು ಎಲ್ಲಿಂದ ಎಂಬುದೆಲ್ಲ ಸುಲಭವಾಗಿ ಮುಗಿಯಿತು. ಗಂಗೊಳ್ಳಿ ಬಂದರಿನಿಂದ ತರುವುದು, ಕುಂದಾಪುರ ಸಂತೆಯಲ್ಲಿ ಮಾರುವುದು, ಉಳಿದದ್ದನ್ನು ಬಸ್ರೂರು, ಬೈಂದೂರು, ಕೊಕ್ಕರ್ಣೆ ಅಂತ ಮನೆಮನೆಗೆ ಒಯ್ಯುವುದು. ತಿಂಗಳಿಗೆ ಎಷ್ಟು ಸಿಗುತ್ತದೆ ಎಂದಾಗ ರಾಜೀವಿ ನಕ್ಕಳು.

"ತಿಂಗ್ಳಿಗೆ ಅಂದ್ರೆ ಹ್ಯಾಂಗೆ ಹೇಳುದ್ ಮೇಡಂ? ಬೋಟ್ ಬಂದ್ರೆ ಇತ್ತ್, ಇಲ್ದಿದ್ರೆ ಇಲ್ಲೆ. ಮೋಡ ಆದ್ರೆ ಆ ಮೀನೂ ಇಲ್ಲೆ."

ಅಮಿತಾ ಅದಕ್ಕೆ ಬೇಸರಿಸಲಿಲ್ಲ. ಕಳೆದ ವಾರ ಎಷ್ಟು ಬುಟ್ಟಿ ಹೋಯಿತು, ಅದರ ಹಿಂದಿನ ವಾರ ಎಷ್ಟು ಎಂದು ಬಿಡಿಸಿ ಬಿಡಿಸಿ ಕೇಳಿ ಬರೆದುಕೊಂಡಳು. ಆಮೇಲೆ ಕೇಳಿದಳು, "ಈ ವ್ಯಾಪಾರ ಯಾರದ್ದ್?"

"ಸುಂದರಕ್ಕಂದ್."

"ನೀವ್?"

"ನಾನ್ ಬರೀ ಸಹಾಯಕ್ಕೆ."

"ಸಂಬ್ಳ ಎಷ್ಟ್ ಕೊಡ್ತ್ರ್?"

"ಸಂಬ್ಳ ಇಲ್ಲೆ."

"ಅಂದ್ರೆ ನೀವ್ ಅವ್ರ್ ಸಂಬಂಧದವ್ರಾ? ಒಂದೇ ಮನಿಯಾ?"

"ಸಂಬಂಧ ಇಲ್ಲೆ. ನನ್ ಮನಿ ಅದ್ ಕಾಣಿ, ಅದ್ರ ಆಚಿಗೆ. ಒಲಿ ಬೇರೆ ಬೇರೆ."

ಅಮಿತಾಳ ಪೆನ್ನು ನಿಂತಿತು. ಸಂಬಳಕ್ಕೆ ದುಡಿಯುವವರಿಗೆ ಒಂದು ಕಲಂ ಇತ್ತು, ಸಂಬಳವಿಲ್ಲದೆ ದುಡಿಯುವ ಮನೆಯವರಿಗೆ ಇನ್ನೊಂದು. ಮನೆಯವಳೂ ಅಲ್ಲದೆ, ಸಂಬಳವೂ ಇಲ್ಲದೆ ಬಿಸಿಲಿನಲ್ಲಿ ಬಗ್ಗಿ ಮೀನು ತಿರುವುವ ಈ ಹೆಂಗಸನ್ನು ಎಲ್ಲಿ ಬರೆಯುವುದೆಂದು ತಿಳಿಯದೆ, ಅವಳು ಸಹಜವಾಗಿ ಕೇಳಿಬಿಟ್ಟಳು.

"ಹಾಂಗಾರೆ ನೀವ್ ಎಂತಕೆ ಇಲ್ಲಿ ಕೆಲ್ಸ ಮಾಡ್ತ್ರಿ ಅಕ್ಕ?"

ರಾಜೀವಿ ಕೈಯಲ್ಲಿದ್ದ ಮೀನನ್ನು ತಿರುವಿ ಹಾಕಿದಳು, ಮತ್ತೆ ಅದನ್ನೇ ಎತ್ತಿ ಮೊದಲಿನ ಮಗ್ಗುಲಿಗೆ ಇಟ್ಟಳು. ಅಮಿತಾ ಇನ್ನು ಒತ್ತಾಯಿಸಲಿಲ್ಲ. ಸದ್ಯಕ್ಕೆ 'ಸಹಾಯಕಿ' ಎಂದು ಬರೆದು, ಏನಾದರೂ ಹೇಳುವುದಿದ್ದರೆ ಎಂದು ತನ್ನ ಮೊಬೈಲ್ ನಂಬರನ್ನು ಒಂದು ಚೂರು ಕಾಗದದ ಮೇಲೆ ಕೊಟ್ಟು ಹೊರಟುಹೋದಳು.

ರಾಜೀವಿ ಮುಂಬೈಯಿಂದ ಊರಿಗೆ ಮರಳಿದ್ದು ೧೯೯೭ರಲ್ಲಿ. ಅಲ್ಲಿ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದ ಗಂಡ ಕಾಮಾಲೆಯಾಗಿ ತೀರಿಹೋಗಿದ್ದ. ಜೊತೆಗೆ ಐದು ವರ್ಷದ ಮಗಳು ಚಂದನಾ. ಅಮ್ಮ ಬಿಟ್ಟುಹೋಗಿದ್ದ ಎರಡು ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು ಪಕ್ಕದ ಮನೆಯ ಸುಂದರಿ ಒಂದು ಬೆಳಿಗ್ಗೆ ಬಂದು ಎಬ್ಬಿಸಿದ್ದಳು. "ಒಳ್ಗೆ ಕೂಕಂಡ್ ಎಂತ ಮಾಡ್ತೆ? ಗಂಗೊಳ್ಳಿಗೆ ಹೋಪ, ಬಾ," ಎಂದಿದ್ದಳು. ಮಗುವಿನ ಕೈ ಹಿಡಿದುಕೊಂಡೇ ರಾಜೀವಿ ಹೋದಳು. ಮರುದಿನವೂ ಹೋದಳು. ಹೀಗೇ ಹದಿಮೂರು ವರ್ಷ ಕಳೆಯಿತು. ಯಾರದ್ದು ಎಷ್ಟು ಎಂಬ ಮಾತನ್ನು ಇಬ್ಬರೂ ಒಮ್ಮೆಯೂ ಆಡಿರಲಿಲ್ಲ. ಸುಂದರಿಯ ಗಂಡ ಮಲ್ಪೆಯ ಬೋಟಿನಲ್ಲಿದ್ದುದರಿಂದ ಮನೆಯಲ್ಲಿರುವುದೇ ಕಡಿಮೆ. ಬಂದ ದುಡ್ಡು ಸುಂದರಿಯ ಮನೆಯ ಅಡಿಗೆಕೋಣೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿತ್ತು. ಅಕ್ಕಿಗೆ, ಮಗಳ ಶಾಲೆಗೆ ಬೇಕಾದಾಗ ರಾಜೀವಿ ಕೇಳುತ್ತಿದ್ದಳು, ಸುಂದರಿ "ತೆಕ್ಕೊ" ಎನ್ನುತ್ತಿದ್ದಳು. ಚಂದನಾ ಈಗ ಮಂಗಳೂರಿನಲ್ಲಿ ನರ್ಸಿಂಗ್‌ಗೆ ಸೇರಿದ್ದೂ ಆ ಡಬ್ಬಿಯಿಂದಲೇ.

ಈ ಎರಡು ತಿಂಗಳಿಂದ ರಾಜೀವಿಯ ಮನಸ್ಸು ಸರಿಯಿರಲಿಲ್ಲ. ಸುಂದರಿಯ ಮಗ ಪ್ರವೀಣನಿಗೆ ಬೈಂದೂರಿನ ಹುಡುಗಿ ಸೌಮ್ಯಶ್ರೀಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಅದರ ಮರುದಿನ ಪ್ರವೀಣ ಖುಷಿಯಲ್ಲಿ, "ರಾಜೀವಿ ಚಿಕ್ಕಿ, ಇನ್ನ್ ನಿಮ್ಗೆ ಆರಾಮ," ಎಂದಿದ್ದ. ಅವನು ಒಳ್ಳೆಯ ಹುಡುಗ. ಹೇಳಿದ್ದೂ ಪ್ರೀತಿಯಿಂದಲೇ. ಆದರೆ ಆ ಮಾತು ರಾಜೀವಿಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮನೆಗೆ ಸೊಸೆ ಬಂದಮೇಲೆ ಹೊರಗಿನವಳು ಯಾಕೆ? ಬೇಡ ಎಂದು ಅವರು ಬಾಯಿಬಿಟ್ಟು ಹೇಳಲಾರರು, ತಾನೇ ತಿಳಿದು ಬಿಡಬೇಕು. ಬಿಟ್ಟು ಮಾಡುವುದಾದರೂ ಏನು? ಚಂದನಾಳ ಓದು ಇನ್ನೂ ಇತ್ತು.

ಆ ಹುಡುಗಿಯ ಪ್ರಶ್ನೆ ಸರಿಯಾಗಿ ಆ ಮುಳ್ಳಿನ ಮೇಲೆಯೇ ತಾಗಿತ್ತು.

ಮಧ್ಯಾಹ್ನ ಸುಂದರಿ ಸಂತೆಯಿಂದ ಬಂದಳು. ಖಾಲಿ ಬುಟ್ಟಿ ಇಳಿಸಿ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದಾಗ ರಾಜೀವಿ ನಡೆದದ್ದನ್ನು ಹೇಳಿದಳು.

"ಎಲ್ಲ ಹೇಳ್ದ್ಯಾ?"

"ಕೇಂಡದ್ದಕ್ಕೆ ಹೇಳ್ದೆ ಅಕ್ಕ. ಟ್ಯಾಕ್ಸಿಗಲ್ಲ ಅಂದ್ರ್."

"ಅದಿರ್ಲಿ. ನಿನ್ ಬಗ್ಗೆ ಎಂತ ಬರ್ಕಂಡ್ರ್?"

"ವ್ಯಾಪಾರ ನಿಮ್ದ್, ನಾನ್ ಸಹಾಯಕ್ಕೆ ಬಪ್ಪವ್ಳ್ ಅಂದೆ. ಹಾಂಗೇ ಬರ್ಕಂಡ್ರ್."

ಸುಂದರಿ ಚೊಂಬನ್ನು ಕೆಳಗಿಟ್ಟಳು. ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಮೀನು ಒಳಗೆ ತೆಗೆದಿಡುವಾಗಲೂ ಮಾತಿಲ್ಲ. ಸುಂದರಿ ಸಿಟ್ಟು ಬಂದರೆ ಕೂಗಾಡುವವಳು, ನೋವಾದರೆ ಮಾತ್ರ ಬಾಯಿ ಕಟ್ಟಿಕೊಳ್ಳುವವಳು. ಇಷ್ಟು ವರ್ಷದಲ್ಲಿ ಎರಡನೆಯದನ್ನು ರಾಜೀವಿ ಕಂಡದ್ದು ಅಪರೂಪ. ಮನೆಯ ವಿಷಯವನ್ನು ಸರ್ಕಾರದವರಿಗೆ ಹೇಳಿ ಅನ್ಯಾಯ ಮಾಡಿದೆನೆಂದು ಅಕ್ಕನಿಗೆ ಅನ್ನಿಸಿದೆ, ಇನ್ನು ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಭಾನುವಾರವೂ ಹಾಗೆಯೇ ಕಳೆಯಿತು. ಸಂಜೆ ಪ್ರವೀಣ ಬಂದು ಅಮಿತಾಳ ನಂಬರಿದ್ದ ಚೂರು ಕಾಗದವನ್ನು ಇಸಿದುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಸುಂದರಿ ಒಳ್ಳೆಯ ಸೀರೆ ಉಟ್ಟು ಬಂದು ಅಂಗಳದಲ್ಲಿ ನಿಂತಳು.

"ಸೀರಿ ಬದ್ಲಾಯ್ಸ್. ಕೊಕ್ಕರ್ಣೆಗೆ ಹೋಪ."

"ಮೀನ್?"

"ಪ್ರವೀಣ ಕಾಣ್ತ."

ಅವರು ಕೊಕ್ಕರ್ಣೆಗೆ ಹೋಗುವುದು ಹೊಸದಲ್ಲ. ಆದರೆ ಬುಟ್ಟಿಯಿಲ್ಲದೆ ಹೋದದ್ದಿಲ್ಲ. ಯಾಕೆ ಎಂದು ಕೇಳಲು ರಾಜೀವಿಗೆ ಧೈರ್ಯವಾಗಲಿಲ್ಲ. ಕುಂದಾಪುರದಲ್ಲಿ ಬಸ್ಸು ಬದಲಿಸಿ, ಬ್ರಹ್ಮಾವರದಲ್ಲಿ ಮತ್ತೆ ಬದಲಿಸಿ ಹೋಗುವಷ್ಟು ಹೊತ್ತೂ ಸುಂದರಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗೋಳಿಬಜೆಯ ಪೊಟ್ಟಣ ತಂದು ಒಂದನ್ನು ರಾಜೀವಿಯ ಮಡಿಲಲ್ಲಿಟ್ಟಳು, ಅಷ್ಟೆ. ರಾಜೀವಿ ಅದನ್ನು ಬಿಚ್ಚದೆ ಮಡಿಲಲ್ಲೇ ಕಟ್ಟಿಕೊಂಡಳು.

ಕೊಕ್ಕರ್ಣೆಯಲ್ಲಿ ಅಂದಿನ ಸರ್ವೆಗೆ ಬಂದಿದ್ದ ಅಮಿತಾ ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚಿದ್ದಳು. ಪ್ರವೀಣ ಫೋನು ಮಾಡಿ ಕೇಳಿದ್ದರಿಂದ ಇವರು ಬರುವುದು ಅವಳಿಗೆ ಗೊತ್ತಿತ್ತು. ಆದರೂ ಇಬ್ಬರನ್ನು ಕಂಡು ಅವಳ ಮುಖ ಸಣ್ಣದಾಯಿತು. ಅವಳದು ವರ್ಷದ ಕರಾರಿನ ಕೆಲಸ. ಮೊನ್ನೆ ಶನಿವಾರ ತ್ರಾಸಿಯ ಕೇರಿಯಿಂದ ಒಂದೇ ಒಂದು ವ್ಯಾಪಾರದ ವಿವರ ತಂದಳೆಂದು ಮೇಲಿನ ಅಧಿಕಾರಿ ಅವಳನ್ನು ಚೆನ್ನಾಗಿ ಬೈದಿದ್ದರು. ಮರದ ಕೆಳಗೆ ಕೂತು ಸುಮ್ಮನೆ ಬರೆದಿದ್ದೀ, ಇಲ್ಲದಿದ್ದರೆ ಇಷ್ಟು ಮನೆಗಳಿರುವಲ್ಲಿ ಒಂದು ಅಂಗಡಿಯೂ ಇಲ್ಲವೇ ಎಂದಿದ್ದರು. ಈಗ ಇದ್ದ ಒಂದು ವಿವರಕ್ಕೂ ತಕರಾರು ಬಂತು ಎಂದು ಅವಳಿಗೆ ಹೆದರಿಕೆಯಾಯಿತು.

"ಮೇಡಂ, ನೀವ್ ತಪ್ಪ್ ಬರ್ದಿರಿ," ಎಂದಳು ಸುಂದರಿ, ನಿಂತುಕೊಂಡೇ.

"ಎಂತ ತಪ್ಪಾಯ್ತ್ ಅಮ್ಮ? ಕೂಕಣಿ, ಹೇಳಿ."

"ಇದ್, ನಮ್ ರಾಜೀವಿ, ಸಹಾಯಕ್ಕೆ ಬಪ್ಪವ್ಳ್ ಅಲ್ಲ. ವ್ಯಾಪಾರ ನಮ್ಮಿಬ್ರದ್ದ್. ಅರ್ಧ ಇದ್ರದ್ದ್."

ರಾಜೀವಿ ತಲೆಯೆತ್ತಿದಳು. ಸುಂದರಿ ಅವಳ ಕಡೆ ನೋಡಲೇ ಇಲ್ಲ.

"ಅವ್ರೇ ಹೇಳದ್ದಲ್ದಾ ಅಮ್ಮ," ಎಂದಳು ಅಮಿತಾ.

"ಅದೇ ನಂಗೆ ಬೇಜಾರ್ ಆದ್ದ್. ಇಷ್ಟ್ ವರ್ಷ ಒಟ್ಟಿಗೆ ಮಾಡಿ, ಇದ್ ಸಹಾಯಕ್ಕೆ ಬಪ್ಪವ್ಳ್ ಅಂದ್ರೆ ನಾನ್ ಎಂತ ಆದೆ? ಒಂದ್ ಗಂಡ ಇಲ್ದ್ ಹೆಂಗ್ಸಿನ್ ಹತ್ರ ಸಂಬ್ಳ ಕೊಡ್ದೆ ದುಡ್ಸ್ಕಂಡವ್ಳ್ ಅಂದಾಯ್ತಲೆ?" ಅವಳು ಬೆವರಿದ ಮುಖ ಒರೆಸಿಕೊಂಡಳು. "ಎರ್ಡ್ ದಿನ ಆಯ್ತ್, ನಂಗೆ ಅನ್ನ ಸೇರ್ಲಿಲ್ಲೆ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ರಾಜೀವಿ ಅಲ್ಲೇ ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು.

ಅಮಿತಾ ಬುತ್ತಿಯನ್ನು ಮುಚ್ಚಿ ಪಕ್ಕಕ್ಕಿಟ್ಟು ಕಾಗದಗಳನ್ನು ತೆಗೆದಳು. ಹೇಳಿದ್ದನ್ನು ಹಾಗೆಯೇ ಬರೆಯುವಂತಿರಲಿಲ್ಲ. ಬರೆದದ್ದನ್ನು ತಿದ್ದಿದರೆ ಅಧಿಕಾರಿ ಕಾರಣ ಕೇಳುತ್ತಾರೆ. "ಪಾಲುದಾರ್ರ್ ಅಂದೇಳಿ ಬರೀಕಂದ್ರೆ ಕೆಲವ್ ಪ್ರಶ್ನಿ ಕೇಣ್ಕ್. ಲಾಭ ಹ್ಯಾಂಗೆ ಪಾಲ್ ಮಾಡ್ತ್ರಿ?"

"ಪಾಲ್ ಮಾಡುದಿಲ್ಲೆ. ಡಬ್ಬಿಯಂಗೆ ಇರತ್. ಬೇಕಾದ್ರೆ ತೆಗ್ದ್ಕಂಬುದ್."

"ಇವ್ರೂ ತೆಗೀತ್ರಾ?"

"ಕೇಂಡೇ ತೆಗುದ್," ಎಂದಳು ರಾಜೀವಿ, ಮೆಲ್ಲಗೆ.

"ಕೇಣ್ ಅಂದೇಳಿ ನಾನ್ ಹೇಳಿದ್ನಾ?" ಸುಂದರಿ ಮೊದಲ ಸಲ ಅವಳ ಕಡೆ ತಿರುಗಿದಳು. "ನೀನ್ ಪ್ರತಿ ಸಲ ಕೇಂಬತಿಗೆ ನಂಗೆ ಎಂತ ಅನ್ಸತ್ ಗೊತ್ತಿತ್ತಾ? ಇದ್ ಇನ್ನೂ ನಮ್ಮನ್ನ ಹೊರ್ಗಿನವ್ರ್ ಅಂದೇಳಿಯೇ ಕಾಂಬುದ್ ಅಂತ."

ಅಮಿತಾಳಿಗೆ ಇದನ್ನು ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಲಾಭದ ದಾರಿ ಹೀಗೆ ಮುಚ್ಚಿಹೋದದ್ದರಿಂದ ಅವಳು ಇನ್ನೊಂದು ಕಡೆಯಿಂದ ಕೇಳಿದಳು. "ನಷ್ಟ ಆದ್ರೆ? ಮೀನ್ ಹಾಳಾದ್ರೆ ಯಾರ್ ಕಟ್ಟುದ್?"

 ಇದಕ್ಕೆ ಸುಂದರಿಯೇ ಉತ್ತರಿಸಿದಳು. ನಾಲ್ಕು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಸುಳಿವಿಲ್ಲದೆ ಮಳೆ ಬಂದು, ಹಾಸಿದ್ದ ಮೀನೆಲ್ಲ ಹುಳ ಬಿದ್ದು ಕಡಲಿಗೆ ಎಸೆಯಬೇಕಾಯಿತು. ಬಾಕಿ ಕಟ್ಟುವ ತನಕ ಗಂಗೊಳ್ಳಿಯ ದಲ್ಲಾಳಿ ಮತ್ತೆ ಮೀನು ಕೊಡಲು ಒಪ್ಪಲಿಲ್ಲ. ಆ ವಾರ ರಾಜೀವಿ ಕುಂದಾಪುರಕ್ಕೆ ಹೋಗಿ ಬಂದಳು, ಮರುದಿನ ದಲ್ಲಾಳಿ ಮೀನು ಕೊಟ್ಟ. "ಅದಾದ್ಮೇಲೆ ಇದ್ರ ಕಿವಿಯಂಗೆ ಬೆಂಡೋಲಿ ಇರ್ಲಿಲ್ಲೆ. ಕೇಂಡ್ರೆ ಕಿವಿ ನೋವ್, ಬಿಚ್ಚಿಟ್ಟಿದೆ ಅಂತ್. ಮಾರಿದ್ದ್ ನಂಗೆ ತಿಳೀದಿಲ್ಯಾ?"

"ನಿಮ್ಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿದ್ದದ್ಕೇ ಚಂದನಾ ಕಾಲೇಜಿಗೆ ಸೇರಿದ್ ದಿನ ನಿಂಗೆ ಹೊಸ ಬೆಂಡೋಲಿ ಮಾಡ್ಸದ್ದ್. ಮತ್ತೆಂತ, ದಾನ ಅಂದೇಳಿ ತಿಳ್ಕಂಡಿದ್ಯಾ?"

ರಾಜೀವಿ ಹಾಗೆಯೇ ತಿಳಿದುಕೊಂಡಿದ್ದಳು. ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮುಖವನ್ನು ಆಚೆ ತಿರುಗಿಸಿದಳು.

"ನಷ್ಟವನ್ನ ಒಟ್ಟಿಗೆ ಹೊತ್ತಿರಿ ಅಂದ್ಮೇಲೆ ನೀವ್ ಪಾಲುದಾರ್ರೇ," ಎಂದಳು ಅಮಿತಾ. "ಸಹಾಯಕ್ಕೆ ಬಪ್ಪವ್ರ್ ನಷ್ಟ ಕಟ್ಟುದಿಲ್ಲೆ." ಹಳೆಯದನ್ನು ಹೊಡೆದುಹಾಕಿ, ಬೇರೆ ಬೇರೆ ಮನೆಯವರ ಪಾಲುದಾರಿಕೆ ಎಂಬ ಕಡೆ ಗುರುತು ಹಾಕಿ, ಪಕ್ಕದಲ್ಲಿ ಚಿಕ್ಕದಾಗಿ ಕಾರಣ ಬರೆದು ಸಹಿ ಮಾಡಿದಳು. ಸುಂದರಿ ಅದನ್ನು ಓದಿ ಹೇಳಲು ಹೇಳಿದಳು. ಅಮಿತಾ ಇಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿದಳು.

ಆಮೇಲೆ ಅವಳ ಬುತ್ತಿಯಲ್ಲಿದ್ದ ಚಪಾತಿಯನ್ನು ಮೂವರೂ ಹಂಚಿಕೊಂಡು ತಿಂದರು, ಜೊತೆಗೆ ರಾಜೀವಿಯ ಮಡಿಲಲ್ಲಿ ತಣ್ಣಗಾಗಿದ್ದ ಗೋಳಿಬಜೆ. ತಿನ್ನುತ್ತ ಅಮಿತಾ ಅಧಿಕಾರಿಯ ಬೈಗುಳದ ಕಥೆ ಹೇಳಿದಳು. ಸುಂದರಿ ನಗತೊಡಗಿದಳು.

"ರಸ್ತಿಯವ್ರ್ ಅಂದೇಳಿ ಎಲ್ಲ ಓಡದ್ದ್ ಮೇಡಂ. ದುಗ್ಗಪ್ಪಣ್ಣ ನಿನ್ನಿ ಸಾಯಂಕಾಲದ ವರೆಗೂ ಅಂಗ್ಡಿ ತೆಗೀಲಿಲ್ಲೆ. ನಾಳೆ ಬನ್ನಿ, ನಾನ್ ಕರ್ಕಂಡ್ ಹೋತೆ."

ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಬ್ರಹ್ಮಾವರ ದಾಟಿದ ಮೇಲೆ ರಾಜೀವಿ ಕೇಳಿಯೇಬಿಟ್ಟಳು.

"ಅಕ್ಕ, ಸೌಮ್ಯ ಬಂದ್ಮೇಲೆ ನಾನ್ ಬಪ್ದ್ ಬ್ಯಾಡ ಅಲ್ದಾ?"

"ಯಾರ್ ಹೇಳದ್ದ್?"

"ಪ್ರವೀಣ ಹೇಳ್ದ. ಇನ್ನ್ ನಿಮ್ಗೆ ಆರಾಮ ಅಂದ."

ಸುಂದರಿ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು, ಆಮೇಲೆ ಮುಂದಿನ ಸೀಟಿನವರು ತಿರುಗುವಷ್ಟು ನಕ್ಕಳು. "ಆ ಹುಡ್ಗಿ ಬೈಂದೂರ್ ಸೊಸೈಟಿಯಂಗೆ ಕೆಲ್ಸ ಮಾಡತ್. ಒಣಮೀನಿನ ವಾಸ್ನಿಗೆ ತಲಿನೋವ್ ಬತ್ತ್ ಅಂಬ್ರ್. ಅದ್ ಬಂದ್ ನಮ್ ಮೀನ್ ತಿರ್ಸತ್ತಾ? ಪ್ರವೀಣ ಹೇಳದ್ದ್ ಬೇರೆ. ಮದಿ ಕಳ್ದ್ ಮೇಲೆ ಹಳೇ ಟೆಂಪೊ ತಕ್ಕಂತ ಅಂಬ್ರ್, ಬುಟ್ಟಿ ಹೊತ್ಕಂಡ್ ಮನಿಮನಿಗೆ ತಿರ್ಗುದ್ ಬ್ಯಾಡ ಅಂದೇಳಿ. ನಿಂಗ್ ಹೇಳಿಯಾಯ್ತ್ ಅಂದಿದ್ದ."

"ಅಷ್ಟೇಯಾ?"

"ಅಷ್ಟೇ. ಎರ್ಡ್ ತಿಂಗ್ಳ್ ಇದನ್ನೇ ಕಟ್ಕಂಡ್ ಕೂತಿದ್ಯಾ ಹೆಣೆ?"

ರಾಜೀವಿ ಕಿಟಕಿಗೆ ತಲೆಯಾನಿಸಿದಳು. ಇಷ್ಟು ದಿನ ಸರಿಯಾಗಿ ಬಾರದಿದ್ದ ನಿದ್ದೆ ಆಗ ಬಂತು. ಕುಂದಾಪುರದಲ್ಲಿ ಸುಂದರಿ ತೋಳು ಹಿಡಿದು ಎಬ್ಬಿಸಬೇಕಾಯಿತು.

ಮರುದಿನ ಅಮಿತಾ ತ್ರಾಸಿಗೆ ಬಂದಾಗ ಸುಂದರಿ ಅವಳ ಮುಂದೆ ಮುಂದೆ ನಡೆದಳು. ದುಗ್ಗಪ್ಪ ಅರ್ಧ ಹಲಗೆ ತೆಗೆದು, ರಸ್ತೆಗೂ ಇದಕ್ಕೂ ಸಂಬಂಧವಿಲ್ಲವೆಂದು ಮೂರು ಸಲ ಕೇಳಿ ತಿಳಿದುಕೊಂಡ ಮೇಲೆ ಸೋಡ ಒಡೆದು ಕೊಟ್ಟ. ಹರಿಣಾಕ್ಷಿ ಮಿಷನ್ನಿನ ಮೇಲಿನ ಸೀರೆ ತೆಗೆದಳು. ತಾನು ಏನೂ ಮಾಡುವುದಿಲ್ಲ ಎಂದ ನೆರೆಮನೆಯ ರತ್ನಳ ಒಲೆಯ ಮೇಲೆ ಮದುವೆಮನೆಗೆಂದು ಕರಿಯುತ್ತಿದ್ದ ಚಕ್ಕುಲಿ ಇತ್ತು. ಅವರು ಹೇಳಿದ ಲೆಕ್ಕವೆಲ್ಲ ಪೂರ್ತಿ ಸರಿಯಿತ್ತೆಂದು ಅಮಿತಾಳೂ ನಂಬಲಿಲ್ಲ. ಒಬ್ಬರು ಕಡಿಮೆ ಹೇಳಿದರು, ಒಬ್ಬರಿಗೆ ನಿಜವಾಗಿ ಗೊತ್ತಿರಲಿಲ್ಲ, ದುಗ್ಗಪ್ಪ ಅಂಗಡಿಯ ದುಡ್ಡನ್ನೂ ಮನೆಯ ದುಡ್ಡನ್ನೂ ಬೇರೆ ಮಾಡಿ ನೋಡಿದ್ದೇ ಇಲ್ಲ. ಆದರೆ ಬಾಗಿಲುಗಳು ತೆರೆದಿದ್ದವು. ಅಲ್ಲಿ ಕೆಲಸ ನಡೆಯುತ್ತಿದೆ ಎಂಬುದಾದರೂ ಕಾಗದಕ್ಕೆ ಬಂತು. ಆ ವಾರ ಅಧಿಕಾರಿ ಮರುತಪಾಸಣೆಗೆ ಬಂದವರು ಒಂದೆರಡು ಮನೆಯಲ್ಲಿ ವಿಚಾರಿಸಿ, ತಕರಾರಿಲ್ಲದೆ ಸಹಿ ಹಾಕಿದರು. ಅಮಿತಾ ಬಾರ್ಕೂರಿನ ಬಸ್ಸು ಹತ್ತಿ ಕೂತಮೇಲೆ ಅಮ್ಮನಿಗೆ ಫೋನು ಮಾಡಿ, ಕರಾರು ಮುಂದುವರಿಯುತ್ತದೆ ಎಂದಳು.

ಮುಂದಿನ ವಾರ ಗಂಗೊಳ್ಳಿಯಲ್ಲಿ ದಲ್ಲಾಳಿ ಇಬ್ಬರ ಮುಂದೆ ಬಂಗಡೆಯ ಬುಟ್ಟಿ ಸುರಿದ. ಸುಂದರಿ ಆಗಲೇ ತಲೆಯಾಡಿಸಿ ಆಗಲಿ ಎಂದಿದ್ದಳು. ರಾಜೀವಿ ಬಗ್ಗಿ ಒಂದು ಮೀನನ್ನು ಎತ್ತಿ ಕಿವಿರು ಬಿಡಿಸಿ ನೋಡಿದಳು.

"ಇದ್ ಬ್ಯಾಡ ಅಕ್ಕ. ನಿನ್ನಿ ಹಿಡ್ದ್ ಮೀನ್."

ದಲ್ಲಾಳಿ ಸುಂದರಿಯ ಮುಖ ನೋಡಿದ. ಸುಂದರಿ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, "ರಾಜೀವಿ ಬ್ಯಾಡ ಅಂತಲೆ," ಎಂದು ಮುಂದಿನ ಬೋಟಿನ ಕಡೆ ನಡೆದಳು. ರಾಜೀವಿ ಮೀನನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವಳ ಜೊತೆ ಹೆಜ್ಜೆ ಹಾಕಿದಳು.